ವೈಟ್‌ಫೀಲ್ಡ್‌ನ ವೈಟ್: ಹೆಸರು ಉಳಿಯಿತು, ಮನೆಗಳು ಅಳಿದವು

ಬೆಂಗಳೂರು: ವೈಟ್‌ಫೀಲ್ಡ್ ಎಂದೊಡನೆ ಕಣ್ಮುಂದೆ ಬರುವುದು ಗಾಜಿನ ಗೋಪುರಗಳು, ಸಾಫ್ಟ್‌ವೇರ್ ಕಂಪನಿಗಳು ಮತ್ತು ಮುಗಿಯದ ವಾಹನ ದಟ್ಟಣೆ. ಆದರೆ ಆ ಹೆಸರಿನಲ್ಲಿರುವ ‘ವೈಟ್’ ಬಣ್ಣವಲ್ಲ, ಒಬ್ಬ ವ್ಯಕ್ತಿ ಎಂಬುದು ಅಲ್ಲಿ ನಿತ್ಯ ಓಡಾಡುವ ಬಹುಮಂದಿಗೆ ತಿಳಿಯದು.

ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ಜನಿಸಿದ್ದು 1832ರಲ್ಲಿ. ಮದ್ರಾಸಿನ ಶಿಕ್ಷಣ ಇಲಾಖೆಯಲ್ಲಿ ನೌಕರಿ. ಯುರೋಪಿಯನ್ ಮತ್ತು ಭಾರತೀಯ ರಕ್ತದ ಬೆಸುಗೆಯಿಂದ ಹುಟ್ಟಿದ ಅವರ ಸಮುದಾಯವನ್ನು ಆಗ ಯುರೇಷಿಯನ್ ಎಂದು ಕರೆಯಲಾಗುತ್ತಿತ್ತು. ಆಳುವವರು ಇವರನ್ನು ಸಮಾನರೆಂದು ಒಪ್ಪಲಿಲ್ಲ. ಊರವರಿಗೂ ಇವರು ಹೊರಗಿನವರೇ. ಸರ್ಕಾರಿ ಕೆಲಸವನ್ನೇ ನೆಚ್ಚಿಕೊಂಡಿದ್ದ ಕುಟುಂಬಗಳು ಕೆಲಸವಿಲ್ಲದೆ ಬಡತನಕ್ಕೆ ಜಾರುವುದನ್ನು ವೈಟ್ ಹತ್ತಿರದಿಂದ ಕಂಡರು. 1879ರಲ್ಲಿ ಮದ್ರಾಸಿನಲ್ಲಿ ಸಮುದಾಯದ ಸಂಘ ಕಟ್ಟಿ ಅದರ ನಾಯಕತ್ವ ವಹಿಸಿದರು. ಗುಮಾಸ್ತಗಿರಿಯೊಂದನ್ನೇ ನಂಬದೆ ನೆಲ ಉತ್ತು ಸ್ವಂತ ಕಾಲ ಮೇಲೆ ನಿಲ್ಲಬೇಕೆಂಬುದು ಅವರ ಯೋಚನೆಯ ತಿರುಳಾಗಿತ್ತು.

ಆ ಕನಸಿಗೆ ನೆಲ ಒದಗಿಸಿದ್ದು ಮೈಸೂರು ಸಂಸ್ಥಾನ. 1881ರಲ್ಲಿ ಅಧಿಕಾರ ಮರಳಿ ಪಡೆದ ಚಾಮರಾಜೇಂದ್ರ ಒಡೆಯರು, ಮರುವರ್ಷವೇ ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಹಾಗೂ ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ನೀಡಿದರು. ರಂಗಾಚಾರ್ಲು ಆಗ ದಿವಾನರಾಗಿದ್ದರು. ಮದ್ರಾಸ್ ರೈಲು ಮಾರ್ಗ ಸಮೀಪದಲ್ಲೇ ಇತ್ತು. ಹೀಗೆ ಮೈದಳೆದ ವಸಾಹತಿಗೆ ವೈಟ್ ಅವರ ಹೆಸರೇ ನಿಂತಿತು. 1889ರಲ್ಲಿ ವೈಟ್ ನಿಧನರಾದಾಗ ಭೂಮಿ ಸಿಕ್ಕು ಕೇವಲ ಏಳು ವರ್ಷಗಳಾಗಿದ್ದವು.

ನಡುವೆ ವೃತ್ತಾಕಾರದ ಮೈದಾನ, ಸುತ್ತಲೂ ಬಂಗಲೆಗಳು, ಅವುಗಳ ಹಿಂದೆ ಹಣ್ಣಿನ ತೋಟಗಳು, ಇದು ಊರಿನ ವಿನ್ಯಾಸ. ಇಳಿಜಾರಿನ ಹೆಂಚಿನ ಮಾಡು, ಕಿಟಕಿಗಳ ಮೇಲೆ ‘ಮಂಕಿ ಟಾಪ್’ ಎಂದು ಹೆಸರಾದ ಚೂಪು ಮರದ ಚಪ್ಪರ, ಮಾಡಿನ ಅಂಚಿಗೆ ಕೊರೆದ ಹಲಗೆಗಳ ಸಾಲು. ಇವು ಆ ಮನೆಗಳ ಸೊಬಗು. ಇಲ್ಲಿನ ವೇವರ್ಲಿ ಇನ್‌ಗೆ, ಬೆಂಗಳೂರು ದಂಡಿನಲ್ಲಿದ್ದ ಯುವ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಬಂದುಹೋಗುತ್ತಿದ್ದರೆಂಬ ದಂತಕತೆಯೂ ಇದೆ.

ಇಂಗ್ಲೆಂಡಿನಲ್ಲಿ ಎರಡನೇ ಮಹಾಯುದ್ಧದ ನಂತರ ತೆರಿಗೆ ಮತ್ತು ನಿರ್ವಹಣೆಯ ಹೊರೆ ತಾಳಲಾಗದೆ ನೂರಾರು ಗ್ರಾಮೀಣ ಮಹಲುಗಳನ್ನು ಕೆಡವಲಾಯಿತು. ಇಂಥ ಇಂಗ್ಲಿಷ್ ಮಹಲುಗಳ ಅಲಂಕೃತ ಕೋಣೆಗಳಲ್ಲಿ ಕೆಲವು ಅಮೆರಿಕದ ಸಂಗ್ರಹಾಲಯಗಳನ್ನು ಸೇರಿವೆ. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯ ಏರ್ಪಡಿಸಿದ ಪ್ರದರ್ಶನ ಈ ನಷ್ಟವನ್ನು ಜನರ ಮುಂದಿಟ್ಟಿತು. ವೈಟ್‌ಫೀಲ್ಡ್‌ನ ಮನೆಗಳು ಅಂಥ ಮಹಲುಗಳಲ್ಲ, ಸಾಮಾನ್ಯರು ಕಟ್ಟಿಕೊಂಡ ಸೂರುಗಳು. ಅವುಗಳ ನಷ್ಟಕ್ಕೆ ಕಾರಣವೂ ಬೇರೆ. ಸ್ವಾತಂತ್ರ್ಯಾನಂತರ ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ ಸೇರಿದವು. 1994ರಲ್ಲಿ ಐಟಿ ಪಾರ್ಕ್ ಕಾಮಗಾರಿ ಆರಂಭವಾದ ಮೇಲೆ ಭೂಮಿಯ ಬೆಲೆ ಗಗನಕ್ಕೇರಿತು. ತೋಟಗಳು ನಿವೇಶನಗಳಾದವು, ಬಂಗಲೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದವು.

2023ರ ಮಾರ್ಚ್‌ನಲ್ಲಿ ಮೆಟ್ರೊ ರೈಲು ವೈಟ್‌ಫೀಲ್ಡ್ ತಲುಪಿತು. ನೌಕರಿಯ ಹಂಗು ತೊರೆದು ಬೇಸಾಯಕ್ಕೆ ಬನ್ನಿ ಎಂದು ವೈಟ್ ತಮ್ಮವರನ್ನು ಕರೆತಂದ ನೆಲಕ್ಕೆ ಈಗ ನೌಕರಿಗಾಗಿಯೇ ದಿನವೂ ಸಹಸ್ರಾರು ಮಂದಿ ಬಂದಿಳಿಯುತ್ತಾರೆ. ಫಲಕಗಳ ಮೇಲೆ ವೈಟ್ ಹೆಸರಿದೆ. ಅವರ ಆಶಯಕ್ಕೆ ಸಾಕ್ಷಿಯಾಗಿದ್ದ ಮನೆಗಳಲ್ಲಿ ಅಳಿದುಳಿದವನ್ನಾದರೂ ಕಾಪಾಡದಿದ್ದರೆ, ಆ ಹೆಸರು ಬರಿಯ ವಿಳಾಸವಾಗಿ ಉಳಿದೀತು.