ವಾಲ್ಟರ್ ಸ್ಕಾಟ್ ಮತ್ತು ‘ಗ್ಲಾಮರ್’ ಪದ

ಕನ್ನಡ ಸಿನಿಮಾ ಬರಹಗಳಲ್ಲಿ ಹಾಸುಹೊಕ್ಕಾಗಿರುವ ‘ಗ್ಲಾಮರ್’ ಪದವು ಮೂಲತಃ ‘ಗ್ರಾಮರ್’ ಪದದ ಸ್ಕಾಟ್ಸ್ ರೂಪ. ಅಕ್ಷರಸ್ಥರು ವಿರಳವಾಗಿದ್ದ ಮಧ್ಯಯುಗದಲ್ಲಿ ವ್ಯಾಕರಣವೆಂದರೆ ಲ್ಯಾಟಿನ್ ವಿದ್ಯೆ; ಜನಸಾಮಾನ್ಯರ ದೃಷ್ಟಿಯಲ್ಲಿ ಆ ವಿದ್ಯೆಯು ಮಾಟಮಂತ್ರದಿಂದ ದೂರವಿರಲಿಲ್ಲ. ಪದದ ಎರಡು ರಕಾರಗಳಲ್ಲಿ ಮೊದಲನೆಯದು ಲಕಾರವಾಗಿ, ‘ಕಣ್ಕಟ್ಟು’ ಎಂಬ ಅರ್ಥ ನೆಲೆಗೊಂಡಿತು. ಈ ಪ್ರಾದೇಶಿಕ ಪದವು ಇಂಗ್ಲಿಷ್ ಓದುಗರಲ್ಲಿ ಬಳಕೆಗೆ ಬಂದುದು ಮುಖ್ಯವಾಗಿ ಸರ್ ವಾಲ್ಟರ್ ಸ್ಕಾಟ್‌ನಿಂದ.

ಸ್ಕಾಟ್ 1771ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ. ಶೈಶವದಲ್ಲಿಯೇ ಕಾಯಿಲೆಯಿಂದ ಬಲಗಾಲು ಊನವಾದ್ದರಿಂದ, ಆರೋಗ್ಯಸುಧಾರಣೆಗಾಗಿ ಅವನನ್ನು ಗಡಿನಾಡಿನ ಸ್ಯಾಂಡಿನೋವಿನಲ್ಲಿದ್ದ ಅಜ್ಜನ ಮನೆಗೆ ಕಳುಹಿಸಲಾಯಿತು. ಅಲ್ಲಿ ಕೇಳಿದ ಲಾವಣಿಗಳು ಅವನ ಸಾಹಿತ್ಯದ ಬುನಾದಿಯಾದವು. 1792ರಲ್ಲಿ ವಕೀಲನಾದ ಅವನು ಬಿಡುವಿನಲ್ಲಿ ಗಡಿನಾಡನ್ನು ಸುತ್ತಿ ಹಾಡುಗಳನ್ನು ಸಂಗ್ರಹಿಸಿದ. ಅವು 1802-03ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದವು.

ಆ ಕಾಲದ ಸ್ಕಾಟಿಷ್ ವಿದ್ವಾಂಸರಲ್ಲಿ ಅನೇಕರಿಗೆ ತಮ್ಮ ನುಡಿಯ ಬಗ್ಗೆ ಕೀಳರಿಮೆಯಿತ್ತು. ಡೇವಿಡ್ ಹ್ಯೂಮ್, ಜೇಮ್ಸ್ ಬೀಟಿ ಮೊದಲಾದವರು ಬರವಣಿಗೆಯಲ್ಲಿ ವರ್ಜಿಸಬೇಕಾದ ಸ್ಕಾಟ್ಸ್ ಪ್ರಯೋಗಗಳ ಪಟ್ಟಿಗಳನ್ನೇ ಸಿದ್ಧಪಡಿಸಿದ್ದರು. ರಾಬರ್ಟ್ ಬರ್ನ್ಸ್ 1789ರ ಕವಿತೆಯೊಂದರಲ್ಲಿ ‘ಗ್ಲಾಮರ್’ ಪದವನ್ನು ಜಿಪ್ಸಿಗಳ ಮಾಯಾವಿದ್ಯೆಗೆ ಬಳಸಿದ್ದನಾದರೂ ಅದು ಸ್ಕಾಟ್ಸ್ ನುಡಿಯ ಕವಿತೆ. ಸ್ಕಾಟ್ 1805ರಲ್ಲಿ ‘ದಿ ಲೇ ಆಫ್ ದಿ ಲಾಸ್ಟ್ ಮಿನ್‌ಸ್ಟ್ರೆಲ್’ ಎಂಬ ಇಂಗ್ಲಿಷ್ ಕಥನಕಾವ್ಯದೊಳಗೆ, ಮಾಂತ್ರಿಕನ ಗ್ರಂಥವನ್ನು ತೆರೆದು ಓದುವ ಸನ್ನಿವೇಶದಲ್ಲಿ ಅದನ್ನಿರಿಸಿದ. ಮಾಯೆಯು ಪುಸ್ತಕದಿಂದಲೇ ಹೊಮ್ಮುವುದರಿಂದ ವಿದ್ಯೆಗೂ ಮಾಟಕ್ಕೂ ಇದ್ದ ಪ್ರಾಚೀನ ನಂಟು ಇಲ್ಲಿ ಮರುಜೀವ ಪಡೆಯಿತು. ಕಾವ್ಯದ ಅಪಾರ ಜನಪ್ರಿಯತೆ ಪದವನ್ನು ಗಡಿಯಾಚೆ ಒಯ್ದಿತು.

1814ರಿಂದ ಅನಾಮಧೇಯನಾಗಿ ಬರೆದ ಕಾದಂಬರಿಗಳಲ್ಲಿ ಅವನು ಸ್ಕಾಟ್ಸ್ ನುಡಿಗೆ ಇನ್ನೂ ವಿಸ್ತಾರವಾದ ಅವಕಾಶವಿತ್ತ. 1818ರ ‘ದಿ ಹಾರ್ಟ್ ಆಫ್ ಮಿಡ್‌ಲೋಥಿಯನ್’ ಕೃತಿಯಲ್ಲಿ ರೈತಾಪಿ ಹೆಣ್ಣಾದ ಜೀನಿ ಡೀನ್ಸ್‌ಳ ಮಾತು ನೈತಿಕ ಘನತೆಯನ್ನು ಪಡೆಯುತ್ತದೆ. ಆದರೆ ನಿರೂಪಕನ ಭಾಷೆ ಶಿಷ್ಟ ಇಂಗ್ಲಿಷೇ. ಹೀಗಾಗಿ ದೇಸಿನುಡಿಗೆ ಗೌರವ ದೊರೆತರೂ ಕಥನದ ಅಧಿಕಾರ ದೊರೆಯಲಿಲ್ಲ.

1826ರಲ್ಲಿ ಪ್ರಕಾಶನ ಸಂಸ್ಥೆಗಳು ಕುಸಿದಾಗ ಒಂದು ಲಕ್ಷ ಪೌಂಡಿಗೂ ಮಿಕ್ಕಿದ ಸಾಲ ಅವನ ಮೇಲೆ ಬಿತ್ತು. ದಿವಾಳಿತನವನ್ನು ಒಪ್ಪದೆ ಬರೆದೇ ತೀರಿಸಲು ಅವನು ಸಂಕಲ್ಪಿಸಿದ. ಆ ದುಡಿಮೆಯ ವರ್ಷಗಳಲ್ಲಿಯೇ, 1830ರಲ್ಲಿ, ಮಾಟಗಾರಿಕೆಯನ್ನು ಕುರಿತ ಗ್ರಂಥವೊಂದರಲ್ಲಿ ‘ಗ್ಲಾಮರ್’ ಅನ್ನು ದೃಷ್ಟಿಭ್ರಮೆಯೆಂದೇ ವಿವರಿಸಿದ. 1832ರ ಸೆಪ್ಟೆಂಬರ್ 21ರಂದು ಆಬಟ್ಸ್‌ಫರ್ಡಿನಲ್ಲಿ ಅವನು ನಿಧನನಾದ.

ಮುಂದೆ ಪದದ ಅರ್ಥ ಮೋಹಕತೆಯತ್ತ ಸರಿದು, ಇಪ್ಪತ್ತನೆಯ ಶತಮಾನದಲ್ಲಿ ಹಾಲಿವುಡ್ಡಿನ ಥಳುಕಿಗೆ ಅಂಟಿಕೊಂಡಿತು. ಸ್ಕಾಟ್ ಪದವನ್ನು ಉಳಿಸಿಕೊಟ್ಟ; ಆದರೆ ಅದು ಹುಟ್ಟಿಬೆಳೆದ ಲೋಕದೃಷ್ಟಿಯು ಪದದೊಡನೆ ಗಡಿ ದಾಟಲಿಲ್ಲ.