ತಂದೆಯೇ ಗುರುವಾದ ಗಣಿತಜ್ಞ: ಭಾಸ್ಕರಾಚಾರ್ಯರ ಬದುಕು

ಬೋಧನಾಭ್ಯಾಸದ ಎರಡನೆಯ ವಾರ. ಮಹಾಕೂಟದ ಸಮೀಪದ ಶಾಲೆಯೊಂದರಲ್ಲಿ ನನ್ನ ಗಣಿತ ಪಾಠಗಳು ನಡೆಯುತ್ತಿದ್ದವು. ಒಂದು ಸಂಜೆ ಗುಡಿಯ ಹತ್ತಿರ ಕಾಯಿ, ಕರ್ಪೂರ ಮಾರುವ ತಾಯಿಯೊಬ್ಬರು ನನ್ನನ್ನು ಅಕ್ಕೋರೇ ಎಂದು ಕರೆದು ಕೂರಿಸಿಕೊಂಡರು. ಅವರ 9 ವರ್ಷದ ಮಗನಿಗೆ ಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದರೂ ಈ ವರ್ಷ ಅವನ ಓದು ಮನೆಯಲ್ಲೇ. ಪಿಯುಸಿವರೆಗೆ ಓದಿರುವ ತಾಯಿಯೇ ಪಾಠ ಹೇಳುತ್ತಿದ್ದಾರೆ. ಅವರ ಬಳಿ ಗಣಿತದ ಮೂರು ಪುಸ್ತಕಗಳಿದ್ದವು: ರಾಜ್ಯದ ನಾಲ್ಕನೆಯ ತರಗತಿಯ ಪಠ್ಯಪುಸ್ತಕ, ಯಾರೋ ಕೊಟ್ಟ ಎನ್‌ಸಿಇಆರ್‌ಟಿ ಪುಸ್ತಕ, ಬಂಧುಗಳು ದುಡ್ಡು ಕೊಟ್ಟು ತಂದ ಶೀಘ್ರ ಲೆಕ್ಕದ ಅಭ್ಯಾಸ ಪುಸ್ತಕ. ಮೂರರಲ್ಲಿ ಯಾವುದನ್ನು ಹಿಡಿಯಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ಅವರು ಕೇಳಿದರು. ವಾರಕ್ಕೆ ಐದು ಪಾಠಯೋಜನೆ ಬರೆಯುತ್ತಿದ್ದ ನನಗೆ ಉತ್ತರ ತೋಚಲಿಲ್ಲ.

ಮರುದಿನ ಮಾರ್ಗದರ್ಶಕ ಉಪನ್ಯಾಸಕರಿಗೆ ಇದನ್ನು ಹೇಳಿದೆ. ಪುಸ್ತಕ ಆರಿಸುವ ಮೊದಲು, ಮನೆಯಲ್ಲೇ ಗಣಿತ ಕಲಿತು, ಮುಂದೆ ಕಲಿಯುವವರಿಗಾಗಿ ಪುಸ್ತಕವನ್ನೂ ಬರೆದವರ ಬದುಕನ್ನು ಓದಿಕೊಂಡು ಬಾ ಎಂದರು. ಹೀಗೆ ನಾನು ಭಾಸ್ಕರಾಚಾರ್ಯರ ಬಳಿಗೆ ಹೋದೆ.

ಮನೆಯೇ ಪಾಠಶಾಲೆ

ಭಾಸ್ಕರರು ಹುಟ್ಟಿದ್ದು ಶಕವರ್ಷ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ಹುಟ್ಟಿದ ವರ್ಷವನ್ನೂ ತಮ್ಮ ಮುಖ್ಯ ಗ್ರಂಥವನ್ನು 36ನೆಯ ವಯಸ್ಸಿನಲ್ಲಿ ಬರೆದುದನ್ನೂ ಅವರೇ ದಾಖಲಿಸಿದ್ದಾರೆ. ಆಗ ನಮ್ಮ ನಾಡನ್ನು ಆಳುತ್ತಿದ್ದವನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ.

ತಮ್ಮ ಊರು ಸಹ್ಯಾದ್ರಿಯ ಆಶ್ರಯದಲ್ಲಿರುವ ವಿಜ್ಜಡವಿಡ ಎಂದು ಅವರು ಹೇಳಿಕೊಂಡಿದ್ದಾರೆ. ನಮ್ಮ ಕಡೆ ಅದನ್ನು ವಿಜಯಪುರವೆಂದೇ ನಂಬುತ್ತಾರೆ. 1997ರವರೆಗೆ ಬಾಗಲಕೋಟೆಯೂ ಬಾದಾಮಿಯೂ ಅದೇ ಜಿಲ್ಲೆಯಲ್ಲಿದ್ದುದರಿಂದ ಭಾಸ್ಕರರು ನಮ್ಮ ಜಿಲ್ಲೆಯವರು ಎಂದು ಹಿರಿಯ ಶಿಕ್ಷಕರು ಇಂದಿಗೂ ಹೇಳುವುದುಂಟು. ಮಹಾರಾಷ್ಟ್ರದ ಹಲವು ವಿದ್ವಾಂಸರು ಚಾಳೀಸ್‌ಗಾವ್ ಬಳಿಯ ಪಾಟಣ ಪ್ರದೇಶವನ್ನು ತೋರಿಸುತ್ತಾರೆ. ತರಗತಿಯಲ್ಲಿ ಎರಡನ್ನೂ ಹೇಳುವುದೇ ಸರಿ.

ಊರಿನ ಬಗ್ಗೆ ಎರಡು ಮಾತಿದ್ದರೂ ಗುರುವಿನ ಬಗ್ಗೆ ಒಂದೇ ಮಾತು. ಭಾಸ್ಕರರ ತಂದೆ ಮಹೇಶ್ವರರು ಜ್ಯೋತಿಷ ಮತ್ತು ಗಣಿತ ಬಲ್ಲ ಪಂಡಿತರು. ತಮ್ಮ ವಿದ್ಯೆ ತಂದೆಯಿಂದಲೇ ಬಂದದ್ದೆಂದು ಮಗ ಬರೆದಿದ್ದಾರೆ. ಪಾಟಣದ ಶಾಸನ ಈ ವಂಶವನ್ನು ತ್ರಿವಿಕ್ರಮ, ಭಾಸ್ಕರಭಟ್ಟ, ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರ ಎಂದು ಸಾಲಾಗಿ ಹೇಳುತ್ತದೆ. ಅಂದರೆ ಭಾಸ್ಕರರು ಅಕ್ಷರ ಕಲಿಯುವ ಹೊತ್ತಿಗೆ ಆ ಮನೆಯಲ್ಲಿ ಹಲವು ತಲೆಮಾರುಗಳ ವಿದ್ಯೆ ಸೇರಿತ್ತು. ಮನೆಪಾಠವೆಂದರೆ ಒಂಟಿ ಮಗು, ಒಂಟಿ ತಾಯಿ ಎಂದು ಇಂದು ನಾವು ಊಹಿಸುವ ಚಿತ್ರಕ್ಕೂ ಆ ಮನೆಗೂ ಬಹಳ ಅಂತರವಿದೆ.

ಆರಿಸುವುದು ಎಂದರೆ ಬಿಡುವುದು

ಭಾಸ್ಕರರ ಮುಂದೆ ಗ್ರಂಥಗಳ ಕೊರತೆ ಇರಲಿಲ್ಲ. ಬ್ರಹ್ಮಗುಪ್ತರು ಐದು ಶತಮಾನಗಳ ಹಿಂದೆಯೇ ಬರೆದಿದ್ದರು. ಶ್ರೀಧರರದ್ದಿತ್ತು, ಪದ್ಮನಾಭರದ್ದಿತ್ತು. ಲಲ್ಲರ ಒಂದು ಗ್ರಂಥವಿತ್ತು. ಅದರ ಹೆಸರೇ ಶಿಷ್ಯಧೀವೃದ್ಧಿದ, ಅಂದರೆ ಶಿಷ್ಯರ ಬುದ್ಧಿಯನ್ನು ಬೆಳೆಸುವಂಥದ್ದು. ಭಾಸ್ಕರರು ಅದಕ್ಕೆ ವ್ಯಾಖ್ಯಾನ ಬರೆದರು. ಒಂದು ಪಠ್ಯವನ್ನು ಸಾಲುಸಾಲಾಗಿ ಬಿಡಿಸಿ ಹೇಳುವುದೂ ಅವರಿಗೆ ಒಗ್ಗಿದ ಕೆಲಸವಾಗಿತ್ತು.

1150ರಲ್ಲಿ ಅವರು ಸಿದ್ಧಾಂತ ಶಿರೋಮಣಿಯನ್ನು ಮುಗಿಸಿದರು. ಅದರಲ್ಲಿ ನಾಲ್ಕು ಭಾಗಗಳು: ಅಂಕಗಣಿತಕ್ಕೆ ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ. ಹಿಂದಿನವರ ಬೀಜಗಣಿತಗಳು ಬಹಳ ವಿಸ್ತಾರವಾಗಿರುವುದರಿಂದ ಅವುಗಳ ಸಾರವನ್ನು ತೆಗೆದು ಶಿಷ್ಯರಿಗೆ ಒಪ್ಪುವಂತೆ ಚಿಕ್ಕದಾಗಿ ಹೇಳಿದ್ದೇನೆ ಎಂಬ ಅರ್ಥದ ಮಾತನ್ನು ಅವರು ಬೀಜಗಣಿತದ ಕೊನೆಯಲ್ಲಿ ಬರೆದಿದ್ದಾರೆ. ಪಠ್ಯಕ್ರಮ ರಚನೆಯ ಬಗ್ಗೆ ನಾವು ಓದುವ ಅಧ್ಯಾಯದ ತಿರುಳು ಇದೇ. ಗೊತ್ತಿರುವುದನ್ನೆಲ್ಲ ಕಲಿಸುವವನ ಮುಂದೆ ಇಡಬೇಕಾಗಿಲ್ಲ. ಏನನ್ನು ಬಿಡಬಹುದೆಂದು ತಿಳಿದವನೇ ಚೆನ್ನಾಗಿ ಆರಿಸಬಲ್ಲ.

ಲೀಲಾವತಿಯ ಅನುಕ್ರಮ ನೋಡಿ. ಆರಂಭದಲ್ಲಿ ಹಣ, ತೂಕ, ಉದ್ದ, ಧಾನ್ಯದ ಅಳತೆಗಳು. ಆಮೇಲೆ ಸ್ಥಾನಬೆಲೆ. ನಂತರ ಕೂಡುವುದು, ಕಳೆಯುವುದು, ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ ಎಂಬ ಎಂಟು ಪರಿಕರ್ಮಗಳು. ಇವನ್ನೇ ಮತ್ತೆ ಭಿನ್ನರಾಶಿಗಳಲ್ಲಿ, ಮತ್ತೆ ಸೊನ್ನೆಯೊಂದಿಗೆ. ಅಲ್ಲಿಂದ ತ್ರೈರಾಶಿಕ, ಬಡ್ಡಿ, ಮಿಶ್ರಣ, ಶ್ರೇಢಿ, ಕ್ಷೇತ್ರಗಣಿತ, ಅಗೆತ, ಧಾನ್ಯರಾಶಿ, ನೆರಳು. ಕೊನೆಯಲ್ಲಿ ಕುಟ್ಟಕ ಮತ್ತು ಅಂಕಪಾಶ. ಅಂಗಡಿಯಲ್ಲಿ, ಕಣದಲ್ಲಿ ಕೈಗೆ ಸಿಗುವ ಅಳತೆಗಳಿಂದ ಹೊರಟು ನೇರ ಬಳಕೆಯಿಲ್ಲದ ಆಟದಂಥ ಲೆಕ್ಕಗಳಿಗೆ ಪುಸ್ತಕ ಮುಟ್ಟುತ್ತದೆ. ತ್ರೈರಾಶಿಕಕ್ಕೆ ಅವರು ಕೊಟ್ಟ ಸ್ಥಾನ ಬಹಳ ದೊಡ್ಡದು. ಜಗತ್ತನ್ನೆಲ್ಲ ವಿಷ್ಣು ವ್ಯಾಪಿಸಿರುವಂತೆ ಲೆಕ್ಕವನ್ನೆಲ್ಲ ತ್ರೈರಾಶಿಕ ವ್ಯಾಪಿಸಿದೆ ಎಂಬುದು ಅವರ ಭಾವ.

ಒಂದು ಗುಣಾಕಾರ, ಹಲವು ದಾರಿ

ಗುಣಾಕಾರಕ್ಕೆ ಅವರು ಕೊಟ್ಟ ಉದಾಹರಣೆ 135ನ್ನು 12ರಿಂದ ಗುಣಿಸುವುದು. ಉತ್ತರ 1620 ಎಂದು ಹೇಳಿ ಮುಂದಕ್ಕೆ ಹೋಗುವುದಿಲ್ಲ. ಅದೇ ಲೆಕ್ಕವನ್ನು ಹಲವು ಬಗೆಯಲ್ಲಿ ಮಾಡಿಸುತ್ತಾರೆ. 12ನ್ನು 8 ಮತ್ತು 4 ಎಂದು ಒಡೆದು ಗುಣಿಸಿ ಕೂಡಿಸಬಹುದು: 1080 ಮತ್ತು 540. ಮೊದಲು 3ರಿಂದ, ಬಂದ 405ನ್ನು 4ರಿಂದ ಗುಣಿಸಬಹುದು. 12ರ ಎರಡು ಅಂಕಿಗಳಿಂದ ಬೇರೆಬೇರೆ ಗುಣಿಸಿ ಅವುಗಳ ಸ್ಥಾನದಲ್ಲಿಟ್ಟು ಕೂಡಿಸಬಹುದು: 135 ಹತ್ತುಗಳು ಮತ್ತು 270 ಬಿಡಿಗಳು. ಇಲ್ಲವೇ 20ರಿಂದ ಗುಣಿಸಿ 2700 ಮಾಡಿಕೊಂಡು, ಹೆಚ್ಚಾಗಿ ಸೇರಿದ 8ರ ಪಾಲು 1080ನ್ನು ಕಳೆಯಬಹುದು.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಹಿಂದಿನ ವಾರವಷ್ಟೇ ಆರನೆಯ ತರಗತಿಯಲ್ಲಿ ಎರಡಂಕಿಯ ಗುಣಾಕಾರವನ್ನು ಪುನರಾವರ್ತನೆ ಮಾಡಿಸುತ್ತ, ಎರಡನೆಯ ಸಾಲಿನಲ್ಲಿ ಬಿಡಿಸ್ಥಾನದ ಕೆಳಗೆ ಒಂದು ಗುಣಿಸು ಗುರುತು ಹಾಕಿ ಮುಂದೆ ಬರೆಯಿರಿ ಎಂದಿದ್ದೆ. ಒಬ್ಬ ಹುಡುಗಿ ಆ ಗುರುತು ಯಾಕೆ ಎಂದಳು. ಹಾಗೇ ಹಾಕಬೇಕು ಎಂದು ಉತ್ತರಿಸಿದೆ. ಅವಲೋಕನ ಪುಸ್ತಕದಲ್ಲಿ ಉಪನ್ಯಾಸಕರು ಆ ಹುಡುಗಿಯ ಪ್ರಶ್ನೆಯನ್ನಷ್ಟೇ ಬರೆದು ಕೆಳಗೆ ಗೆರೆ ಎಳೆದಿದ್ದರು. ಅವಳಿಗೆ ಕೊಡಬೇಕಿದ್ದ ಉತ್ತರ 135 ಹತ್ತುಗಳು ಎಂಬ ಮಾತಿನಲ್ಲೇ ಇತ್ತು.

ಕಾರಣ ತಿಳಿಯದೆ ಸೂತ್ರ ಹೇಳುವುದನ್ನು ಭಾಸ್ಕರರು ಸಹಿಸುತ್ತಿರಲಿಲ್ಲ. ಬರೀ ನಾಲ್ಕು ಬಾಹುಗಳನ್ನು ಕೊಟ್ಟು ಚತುರ್ಭುಜದ ಖಚಿತ ವಿಸ್ತೀರ್ಣ ಕೇಳುವವರನ್ನೂ ಹೇಳುವವರನ್ನೂ ಅವರು ಪಿಶಾಚಿಗೆ ಹೋಲಿಸುತ್ತಾರೆ. ಕರ್ಣವೋ ಲಂಬವೋ ಗೊತ್ತಿಲ್ಲದಿದ್ದರೆ ಆಕಾರವೇ ಸ್ಥಿರವಲ್ಲವಲ್ಲ! ನಾಲ್ಕು ಕಡ್ಡಿಗಳನ್ನು ದಾರದಿಂದ ಕಟ್ಟಿ ಒತ್ತಿ ತೋರಿಸಿದರೆ ಎಂಟನೆಯ ತರಗತಿಯ ಮಕ್ಕಳಿಗೂ ಇದು ಅರ್ಥವಾಗುತ್ತದೆ. ತಮ್ಮ ದೊಡ್ಡ ಗ್ರಂಥಕ್ಕೆ ತಾವೇ ವಾಸನಾಭಾಷ್ಯ ಎಂಬ ವಿವರಣೆಯನ್ನೂ ಅವರು ಬರೆದರು. ಅಲ್ಲಿ ವಾಸನಾ ಎಂದರೆ ಉಪಪತ್ತಿ, ಅಂದರೆ ಕಾರಣ ಕೊಟ್ಟು ತೋರಿಸುವುದು.

ಕೊಳದ ಕಮಲ

ಲೀಲಾವತಿಯ ಲೆಕ್ಕಗಳಲ್ಲಿ ಜೇನುನೊಣ, ನವಿಲು, ಹಾವು, ರೇಷ್ಮೆವಸ್ತ್ರ ಎಲ್ಲವೂ ಬರುತ್ತವೆ. ಇಳಕಲ್ಲಿನ ನೇಕಾರರ ಮಕ್ಕಳಿಗೆ ಕೊಡಬಹುದಾದ ಒಂದು ಲೆಕ್ಕವಿದೆ: 3 ಮೊಳ ಅಗಲ, 8 ಮೊಳ ಉದ್ದದ 8 ಪಟ್ಟೆವಸ್ತ್ರಗಳಿಗೆ 100 ನಿಷ್ಕವಾದರೆ, ಅರ್ಧ ಮೊಳ ಅಗಲ, ಮೂರೂವರೆ ಮೊಳ ಉದ್ದದ ಒಂದು ವಸ್ತ್ರಕ್ಕೆ ಎಷ್ಟು? ಉತ್ತರ ಒಂದು ನಿಷ್ಕದ 192ರಲ್ಲಿ 175 ಭಾಗ.

ನನ್ನ ಪಾಠಕ್ಕೆ ನಾನು ಆರಿಸಿದ್ದು ಕಮಲದ ಲೆಕ್ಕ. ನೀರಿನ ಮೇಲೆ ಅರ್ಧ ಮೊಳ ಎತ್ತರ ನಿಂತ ಕಮಲ ಗಾಳಿಗೆ ವಾಲಿ, 2 ಮೊಳ ದೂರದಲ್ಲಿ ನೀರಿನಲ್ಲಿ ಮುಳುಗುತ್ತದೆ, ಆಳ ಎಷ್ಟು? ಮಹಾಕೂಟದ ಮಕ್ಕಳಿಗೆ ಕೊಳವೆಂದರೆ ಪುಷ್ಕರಿಣಿ. ಅವರೆಲ್ಲ ಅದರಲ್ಲಿ ಈಜಿದವರು. ಕೋಲಿಗೆ ಗುರುತು ಮಾಡಿ ಬುಡವನ್ನು ಅಲುಗಿಸದೆ ವಾಲಿಸಿ ತೋರಿಸಿದೆ. ಕಾಂಡದ ಉದ್ದ ಬದಲಾಗುವುದಿಲ್ಲ ಎಂಬುದನ್ನು ಅವರೇ ಹೇಳಿದರು. ಅಲ್ಲಿಗೆ ಲಂಬಕೋನ ತ್ರಿಭುಜ ಕಂಡಿತು. 2ರ ವರ್ಗದಿಂದ ಅರ್ಧದ ವರ್ಗ ಕಳೆದರೆ ಮೂರೂಮುಕ್ಕಾಲು. ಅದನ್ನು ಅರ್ಧದ ಎರಡರಷ್ಟು, ಅಂದರೆ 1ರಿಂದ ಭಾಗಿಸಿದರೆ ಆಳ ಮೂರೂಮುಕ್ಕಾಲು ಮೊಳ.

ಮಗಳ ಕಥೆ

ಲೀಲಾವತಿ ಭಾಸ್ಕರರ ಮಗಳು ಎಂಬ ಕಥೆ ಎಲ್ಲರಿಗೂ ಗೊತ್ತು. ಮದುವೆಯ ಮುಹೂರ್ತಕ್ಕೆ ಇಟ್ಟ ಜಲಘಟಿಯ ರಂಧ್ರಕ್ಕೆ ಮುತ್ತು ಬಿದ್ದು ಹೊತ್ತು ಮೀರಿತು, ಮಗಳ ದುಃಖ ಮರೆಸಲು ತಂದೆ ಈ ಪುಸ್ತಕ ಬರೆದರು ಎಂಬುದು ಆ ಕಥೆ. ಇದು ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ ಬರುತ್ತದೆ. ಭಾಸ್ಕರರಿಗೂ ಅದಕ್ಕೂ ನಡುವೆ ನಾಲ್ಕು ಶತಮಾನ. ಪುಸ್ತಕದೊಳಗೆ ಲೀಲಾವತಿ ಎಂಬ ಹುಡುಗಿಯನ್ನು ಕರೆದು ಲೆಕ್ಕ ಕೇಳುವುದು ನಿಜ, ಗೆಳೆಯನನ್ನೂ ವ್ಯಾಪಾರಿಯನ್ನೂ ಕರೆದು ಕೇಳುವುದೂ ನಿಜ. ಕಥೆಯನ್ನು ಕಥೆಯೆಂದೇ ಮಕ್ಕಳಿಗೆ ಹೇಳೋಣ. ಅದರಿಂದ ಪುಸ್ತಕದ ಬೆಲೆ ಕುಗ್ಗುವುದಿಲ್ಲ. ಎದುರಿಗೆ ಒಬ್ಬರು ಕುಳಿತಿದ್ದಾರೆ ಎಂದುಕೊಂಡೇ ಭಾಸ್ಕರರು ಪ್ರತಿ ಲೆಕ್ಕವನ್ನೂ ಬರೆದರು ಎಂಬುದಂತೂ ಕಥೆಯಲ್ಲ.

ಮನೆಯಿಂದ ಮಠಕ್ಕೆ

1183ರಲ್ಲಿ, 69ನೆಯ ವಯಸ್ಸಿನಲ್ಲಿ, ಭಾಸ್ಕರರು ಕರಣಕುತೂಹಲವನ್ನು ರಚಿಸಿದರು. ಗ್ರಹಗಳ ಲೆಕ್ಕವನ್ನು ಸುಲಭವಾಗಿ ಮಾಡಲು ಬರೆದ ಕೈಪಿಡಿ ಅದು. ದೊಡ್ಡ ಗ್ರಂಥ ಬರೆದವರು ಮುಪ್ಪಿನಲ್ಲಿ ಮತ್ತೆ ಕಲಿಯುವವರ ಅನುಕೂಲವನ್ನೇ ನೋಡಿದರು.

ಮಗ ಲಕ್ಷ್ಮೀಧರನನ್ನು ಯಾದವ ದೊರೆ ಜೈತ್ರಪಾಲ ತನ್ನ ಆಸ್ಥಾನಕ್ಕೆ ಕರೆಸಿಕೊಂಡ. ಮೊಮ್ಮಗ ಚಾಂಗದೇವ ಸಿಂಘಣನ ಆಸ್ಥಾನದ ಜ್ಯೋತಿಷಿಯಾದ. ಅಜ್ಜನ ಗ್ರಂಥಗಳನ್ನು ಕಲಿಸಲೆಂದೇ ಚಾಂಗದೇವ ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದ. ಅದಕ್ಕೆ ನಿಕುಂಭ ವಂಶದ ಸೋಯಿದೇವ 1207ರಲ್ಲಿ ದತ್ತಿ ಕೊಟ್ಟಿದ್ದನ್ನು ಅಲ್ಲಿನ ಶಾಸನ ಹೇಳುತ್ತದೆ. ಒಂದು ಮನೆಯ ಪಠ್ಯಕ್ರಮ ಹೀಗೆ ಒಂದು ಸಂಸ್ಥೆಯ ಪಠ್ಯಕ್ರಮವಾಯಿತು.

ಇಲ್ಲಿ ಒಂದು ಮಾತನ್ನು ಬಿಡಬಾರದು. ಆ ಮನೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಸಂಸ್ಕೃತ ಬಲ್ಲ ಪಂಡಿತ ಕುಟುಂಬದಲ್ಲಿ ಹುಟ್ಟಿದ ಮಗನಿಗೆ ಸಿಕ್ಕ ವಿದ್ಯೆ ಅದು. ಅದೇ ಶತಮಾನದಲ್ಲಿ ನಮ್ಮ ಕೂಡಲಸಂಗಮದಲ್ಲಿ ಓದಿದ ಬಸವಣ್ಣನವರು ಅರಿವನ್ನು ಎಲ್ಲ ಕಾಯಕದವರ ನಡುವೆ, ಆಡುಮಾತಿನಲ್ಲಿ ತಂದರು. ರಾಜಾದಿತ್ಯ ಎಂಬ ಜೈನ ಕವಿ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಮನೆಯಲ್ಲಿ ಕಲಿಸಿದರೆ ಭಾಸ್ಕರರಾಗುತ್ತಾರೆ ಎಂದು ಯಾರಾದರೂ ಹೇಳಿದರೆ, ಎಂಥ ಮನೆ ಎಂದು ನಾವು ಕೇಳಬೇಕು. ಮಹೇಶ್ವರರಂಥ ತಂದೆ ಇಲ್ಲದ ಮಗುವಿಗೂ ಗಣಿತ ಸಿಗಲಿ ಎಂದೇ ಶಾಲೆ ಇದೆ, ನಮ್ಮ ತರಬೇತಿ ಇದೆ.

ಮತ್ತೆ ಗುಡಿಯ ಬಳಿ

ಬೋಧನಾಭ್ಯಾಸದ ಕೊನೆಯ ವಾರ ಆ ತಾಯಿಯನ್ನು ಮತ್ತೆ ಕಂಡೆ. ರಾಜ್ಯದ ಪಠ್ಯಪುಸ್ತಕವನ್ನೇ ಮುಖ್ಯವಾಗಿ ಇಟ್ಟುಕೊಳ್ಳಿ ಎಂದೆ, ಏಕೆಂದರೆ ಮುಂದಿನ ವರ್ಷ ಹುಡುಗ ತನ್ನ ಗೆಳೆಯರ ಜೊತೆ ಅದೇ ತರಗತಿಯಲ್ಲಿ ಕೂರಬೇಕು. ಪಾಠ ಅರ್ಥವಾಗದ ಕಡೆ ಅದೇ ವಿಷಯವನ್ನು ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಇನ್ನೊಂದು ಬಗೆಯಲ್ಲಿ ನೋಡಬಹುದು. ಶೀಘ್ರ ಲೆಕ್ಕದ ಪುಸ್ತಕ ಸದ್ಯಕ್ಕೆ ಬೇಡ; ದಾರಿ ತಿಳಿದ ಮೇಲೆ ವೇಗ. ಯಾವ ಪುಸ್ತಕವಾದರೂ ವಾರಕ್ಕೆ ಒಂದು ಲೆಕ್ಕವನ್ನಾದರೂ ಎರಡು ದಾರಿಯಲ್ಲಿ ಮಾಡಿಸಿ, ಯಾಕೆ ಎಂದು ಕೇಳಿ ಎಂದೆ.

ತಮಗೆ ಎರಡು ದಾರಿ ಬರುವುದಿಲ್ಲ ಎಂದು ಅವರು ಹಿಂಜರಿದರು. ಒಂದು ಕಾಯಿಗೆ 35 ರೂಪಾಯಿಯಾದರೆ 12 ಕಾಯಿಗೆ ಎಷ್ಟು ಎಂದು ಕೇಳಿದೆ. ಕ್ಷಣದಲ್ಲಿ 420 ಎಂದರು. ಹೇಗೆ ಬಂತು ಎಂದೆ. ಮೂರು ಕಾಯಿಗೆ 105, ಅಂಥವು ನಾಲ್ಕು ಎಂದರು. ಹುಡುಗ ಕಾಲು ಚಾಚಿ ಕುಳಿತಲ್ಲೇ ಪಾಟಿಯ ಮೇಲೆ 35ನ್ನು 10ರಿಂದ ಗುಣಿಸಿ 350 ಬರೆದು, ಅದರ ಕೆಳಗೆ 70 ಬರೆದು ಕೂಡಿಸಿದ. ಉತ್ತರ ಒಂದೇ ಬಂದದ್ದು ನೋಡಿ ತಾಯಿ ಮಗ ಇಬ್ಬರೂ ನಕ್ಕರು. ಮೂರರಿಂದ ಗುಣಿಸಿ ನಾಲ್ಕರಿಂದ ಗುಣಿಸುವುದು 1150ರಲ್ಲಿ ಭಾಸ್ಕರರು ಬರೆದಿಟ್ಟ ದಾರಿಗಳಲ್ಲಿ ಒಂದು ಎಂದು ಆಗ ಅವರಿಗೆ ಹೇಳಿದೆ.