ವಿಲಿಯಂ ಹಾರ್ಟ್‌ನೆಲ್

ವಿಲಿಯಂ ಹೆನ್ರಿ ಹಾರ್ಟ್‌ನೆಲ್ (ಜನವರಿ 8, 1908 – ಏಪ್ರಿಲ್ 23, 1975) ಇಂಗ್ಲೆಂಡಿನ ರಂಗಭೂಮಿ, ಚಲನಚಿತ್ರ ಹಾಗೂ ದೂರದರ್ಶನ ನಟರು. ಬಿಬಿಸಿಯ ಕಾಲಯಾನದ ಧಾರಾವಾಹಿ 'ಡಾಕ್ಟರ್ ಹೂ'ನಲ್ಲಿ 1963ರಿಂದ 1966ರವರೆಗೆ ಮೊದಲ ಡಾಕ್ಟರ್ ಪಾತ್ರವನ್ನು ನಿರ್ವಹಿಸಿ ಪ್ರಸಿದ್ಧರಾದರು.

ಬಾಲ್ಯ ಮತ್ತು ರಂಗಪ್ರವೇಶ

ಹಾರ್ಟ್‌ನೆಲ್ ಅವರು ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಲ್ಲಿ ಅವಿವಾಹಿತ ತಾಯಿಯ ಏಕೈಕ ಮಗನಾಗಿ ಜನಿಸಿದರು. ತಂದೆ ಯಾರೆಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅಂದಿನ ಸಮಾಜದಲ್ಲಿ ಇದು ಕಳಂಕವೆನಿಸಿದ್ದರಿಂದ ಅವರು ತಮ್ಮ ಹುಟ್ಟಿನ ಸಂಗತಿಯನ್ನು ಮರೆಮಾಚಿ, ತಂದೆಯ ಬಗ್ಗೆ ಕಲ್ಪಿತ ವಿವರಗಳನ್ನು ಹೇಳುತ್ತಿದ್ದರು. ಕಲಾಸಂಗ್ರಾಹಕ ಹ್ಯೂ ಬ್ಲೇಕರ್ ಈ ಹುಡುಗನ ಪೋಷಕರಾಗಿ ನಿಂತು, ಮೊದಲು ಜಾಕಿ ತರಬೇತಿಗೆ, ಅನಂತರ ಇಟಾಲಿಯಾ ಕಾಂಟಿ ನಾಟಕಶಾಲೆಗೆ ಸೇರಲು ನೆರವಾದರು. 1925ರಲ್ಲಿ ಫ್ರಾಂಕ್ ಬೆನ್ಸನ್ ಅವರ ನಾಟಕ ತಂಡದಲ್ಲಿ ಹಾರ್ಟ್‌ನೆಲ್ ರಂಗದ ಸಹಾಯಕರಾಗಿ ವೃತ್ತಿ ಆರಂಭಿಸಿದರು. 1929ರಲ್ಲಿ ಹೆದರ್ ಮೆಕಿಂಟೈರ್ ಅವರನ್ನು ವಿವಾಹವಾದರು.

ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕ್ ದಳಕ್ಕೆ ಸೇರಿದ ಅವರು ಮಾನಸಿಕ ಕುಸಿತದಿಂದ ಸುಮಾರು 18 ತಿಂಗಳಲ್ಲಿ ಸೇನೆಯಿಂದ ಬಿಡುಗಡೆ ಹೊಂದಿದರು. ವಿಪರ್ಯಾಸವೆಂದರೆ, ತೆರೆಯ ಮೇಲೆ ಅವರಿಗೆ ಮತ್ತೆ ಮತ್ತೆ ದೊರೆತದ್ದು ಗದರುವ ಸೇನಾಧಿಕಾರಿಯ ಪಾತ್ರ. 'ದಿ ವೇ ಅಹೆಡ್' (1944), 'ಕ್ಯಾರಿ ಆನ್ ಸಾರ್ಜೆಂಟ್' (1958) ಚಿತ್ರಗಳೂ 'ದಿ ಆರ್ಮಿ ಗೇಮ್' ಧಾರಾವಾಹಿಯೂ ಇದಕ್ಕೆ ಉದಾಹರಣೆ. ಈ ಅಚ್ಚಿನಿಂದ ಹೊರಬರಬೇಕೆಂಬ ಹಂಬಲ ಅವರಿಗಿತ್ತು.

ಡಾಕ್ಟರ್ ಪಾತ್ರ

'ದಿಸ್ ಸ್ಪೋರ್ಟಿಂಗ್ ಲೈಫ್' (1963) ಚಿತ್ರದಲ್ಲಿನ ಅವರ ಅಭಿನಯವನ್ನು ಮೆಚ್ಚಿದ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಲಖನೌನಲ್ಲಿ ಜನಿಸಿದ ನಿರ್ದೇಶಕ ವಾರಿಸ್ ಹುಸೇನ್ ಅವರೊಡಗೂಡಿ ಹಾರ್ಟ್‌ನೆಲ್ ಅವರನ್ನು ಒಪ್ಪಿಸಿದರು. ಮೊದಲ ಕಂತು 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯ ಮರುದಿನ, ಪ್ರಸಾರವಾಯಿತು; ಮುಂದಿನ ವಾರ ಅದನ್ನು ಮತ್ತೊಮ್ಮೆ ತೋರಿಸಬೇಕಾಯಿತು. ಸಿಡುಕಿನ ಆದರೂ ಅಕ್ಕರೆಯ ಅಜ್ಜನಾಗಿ ಅವರು ಮಕ್ಕಳ ಮನಸ್ಸನ್ನು ಗೆದ್ದರು.

ಆದರೆ ರಕ್ತನಾಳಗಳು ಪೆಡಸಾಗುವ ಕಾಯಿಲೆ ಅವರ ನೆನಪಿನ ಶಕ್ತಿಯನ್ನು ಕುಂದಿಸಿತು, ಮಾತುಗಳು ಮರೆತುಹೋಗತೊಡಗಿದವು. ಮನಸ್ಸಿಲ್ಲದಿದ್ದರೂ ಅವರು ಪಾತ್ರವನ್ನು ಬಿಡಬೇಕಾಯಿತು. ಅವರ ಕೊನೆಯ ಕಥೆ, ನಾಲ್ಕು ಕಂತುಗಳ 'ದಿ ಟೆಂತ್ ಪ್ಲಾನೆಟ್', 1966ರ ಅಕ್ಟೋಬರ್‌ನಲ್ಲಿ ಪ್ರಸಾರವಾಯಿತು. ದಕ್ಷಿಣ ಧ್ರುವದ ನೆಲೆಯೊಂದರಲ್ಲಿ ನಡೆಯುವ ಈ ಕಥೆಯಲ್ಲಿ ಸೈಬರ್‌ಮನ್‌ಗಳು ಮೊದಲ ಬಾರಿಗೆ ಕಾಣಿಸಿಕೊಂಡರು. ಅಸ್ವಸ್ಥರಾಗಿದ್ದ ಹಾರ್ಟ್‌ನೆಲ್ ಮೂರನೆಯ ಕಂತಿನಲ್ಲಿ ಪಾಲ್ಗೊಳ್ಳಲಾಗದೆ, ಡಾಕ್ಟರ್ ಪ್ರಜ್ಞೆ ತಪ್ಪಿದಂತೆ ತೋರಿಸಿ ಅವರ ಮಾತುಗಳನ್ನು ಇತರರಿಗೆ ಹಂಚಲಾಯಿತು. ನಾಲ್ಕನೆಯದರ ಕೊನೆಯಲ್ಲಿ ಡಾಕ್ಟರ್ ಕುಸಿದು ಬೀಳುತ್ತಾರೆ. ಅವರ ಮುಖ ಬೆಳಕಿನಲ್ಲಿ ಕರಗಿ ಪ್ಯಾಟ್ರಿಕ್ ಟ್ರೌಟನ್ ಅವರ ಮುಖವಾಗುತ್ತದೆ. ನಟನೊಬ್ಬರ ಅನಾರೋಗ್ಯ ಅನಿವಾರ್ಯವಾಗಿಸಿದ ಈ ಉಪಾಯವೇ ಧಾರಾವಾಹಿಗೆ ದೀರ್ಘಾಯುಷ್ಯವನ್ನು ನೀಡಿತು. ಅದನ್ನು 'ಪುನರುಜ್ಜೀವನ' ಎಂಬರ್ಥದ ಈಗಿನ ಹೆಸರಿನಿಂದ ಕರೆದದ್ದು ಮಾತ್ರ 1974ರಲ್ಲಿ.

ಆ ಕಂತಿನ ಪ್ರತಿ ಬಿಬಿಸಿಯ ಸಂಗ್ರಹದಲ್ಲಿ ಉಳಿದಿಲ್ಲ. 1973ರಲ್ಲಿ 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಬಳಸಿದ್ದರಿಂದ ರೂಪಾಂತರದ ದೃಶ್ಯವಷ್ಟೇ ನಾಶವಾಗದೆ ಉಳಿಯಿತು.

ಕೊನೆಯ ದಿನಗಳು

ಧಾರಾವಾಹಿಯ ಹತ್ತನೆಯ ವರ್ಷಾಚರಣೆಯ 'ದಿ ತ್ರೀ ಡಾಕ್ಟರ್ಸ್' (1972–73) ಕಥೆಗೆ ಅವರು ಮರಳಿದರು. ಓಡಾಡುವ ಶಕ್ತಿಯಿರಲಿಲ್ಲ. ಕುಳಿತಲ್ಲಿಯೇ, ಫಲಕಗಳ ಮೇಲೆ ಬರೆದ ಮಾತುಗಳನ್ನು ಓದಿ ಅಭಿನಯಿಸಿದರು. ಇತರ ಇಬ್ಬರು ಡಾಕ್ಟರ್‌ಗಳೊಡನೆ ಪರದೆಯೊಂದರ ಮೂಲಕ ಮಾತನಾಡುವಂತೆ ಅದನ್ನು ಜೋಡಿಸಲಾಯಿತು. ಇದು ಅವರ ಕೊನೆಯ ಅಭಿನಯ. 1975ರಲ್ಲಿ ಕೆಂಟ್ ಪ್ರಾಂತ್ಯದ ಮಾರ್ಡನ್‌ನಲ್ಲಿ, 67ನೆಯ ವಯಸ್ಸಿನಲ್ಲಿ ನಿಧನರಾದರು.